ಶಾಸ್ತ್ರದಾನದಿಂದ ಕೃತಿಸ್ವಾಮ್ಯದವರೆಗೆ

ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಗ್ರಂಥವನ್ನು ಆದ್ಯಂತವಾಗಿ ನಕಲು ಮಾಡಿಸಿ ಪರರಿಗೆ ನೀಡುವುದು ಜೈನ ಪರಂಪರೆಯಲ್ಲಿ ಶಾಸ್ತ್ರದಾನ, ಪುಣ್ಯಕಾರ್ಯ. ತಾಳೆಗರಿಯ ಆಯುಸ್ಸು ಮಿತವಾದುದರಿಂದ ಪ್ರತಿಯಾಗದ ಕೃತಿ ಅಳಿಯುತ್ತಿತ್ತು. ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಅವುಗಳ ನಕಲುಗಳು ಹೊರಬಂದುದರಿಂದಲೇ 1939ರಲ್ಲಿ ಅದರ ಮುದ್ರಣ ಆರಂಭವಾಗುವುದು ಸಾಧ್ಯವಾಯಿತು.

ಮುದ್ರಣವು ಪ್ರತಿಯ ಅರ್ಥವನ್ನೇ ಬದಲಿಸಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದನು. ನಾಲ್ಕು ವರ್ಷಗಳ ತರುವಾಯ, 1847ರಲ್ಲಿ, ಕಂಪನಿ ಸರ್ಕಾರ ಭಾರತದ ಮೊದಲ ಕೃತಿಸ್ವಾಮ್ಯ ಕಾಯಿದೆಯನ್ನು ಮಾಡಿತು. ಪ್ರತಿ ಸುಲಭವಾದಂತೆ ಕೃತಿಯ ಅಳಿವಿನ ಭಯ ತಗ್ಗಿ, ಕರ್ತೃವಿನ ಜೀವನೋಪಾಯದ ಪ್ರಶ್ನೆ ಮುಂದಾಯಿತು. ಇಂದು ಜಾರಿಯಲ್ಲಿರುವ 1957ರ ಕಾಯಿದೆಯಂತೆ, ಲೇಖಕನ ಜೀವಿತಕಾಲದಲ್ಲಿ ಪ್ರಕಟವಾದ ಬರಹಕ್ಕೆ ಅವನ ನಿಧನದ ಮರುವರ್ಷದಿಂದ 60 ವರ್ಷಗಳ ರಕ್ಷಣೆಯಿದೆ.

ಕಂಕನಾಡಿಯ ಸಂಶೋಧನ ವಿದ್ಯಾರ್ಥಿಯೊಬ್ಬನು ಕರಾವಳಿಯ ಹಿರಿಯರ ಲೇಖನಗಳನ್ನು ಇಡಿಯಾಗಿ ತನ್ನ ಅಧ್ಯಯನ ಬಳಗಕ್ಕೆ ಕಳುಹಿಸಬಯಸಿದರೆ, ಮೊದಲು ನೋಡಬೇಕಾದುದು ಈ ಕಾಲಗಣನೆಯನ್ನು. 1950ರಲ್ಲಿ ತೀರಿಕೊಂಡ ಮುಳಿಯ ತಿಮ್ಮಪ್ಪಯ್ಯನವರ ಬರಹಗಳು 2011ರಿಂದ ಮುಕ್ತ. 1963ರಲ್ಲಿ ನಿಧನರಾದ ಮಂಜೇಶ್ವರ ಗೋವಿಂದ ಪೈಗಳವು 2024ರಿಂದ ಮುಕ್ತ. 1997ರಲ್ಲಿ ಅಗಲಿದ ಶಿವರಾಮ ಕಾರಂತರವು 2057ರ ಅಂತ್ಯದವರೆಗೆ ಹಕ್ಕುದಾರರ ಸೊತ್ತು. ಮುಕ್ತವಾದ ಬರಹಕ್ಕೂ ಹೊಸ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳು ಅವರವೇ.

ಕಾರಂತರ ಯಕ್ಷಗಾನ ಬ್ಯಾಲೆಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಉಯಿಲಿನಿಂದ ಬಂದ ಹಕ್ಕನ್ನು ಎತ್ತಿಹಿಡಿಯಿತು. ಕಾಯಿದೆಯ ವಿನಾಯಿತಿಗಳಿಗೆ ಆ ತಡೆ ಅನ್ವಯಿಸದೆಂದೂ ಸ್ಪಷ್ಟಪಡಿಸಿತು. 52ನೆಯ ಕಲಮಿನ ಆ ವಿನಾಯಿತಿಗಳಲ್ಲಿ ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆಗಾಗಿ ನ್ಯಾಯೋಚಿತ ಬಳಕೆಯೂ ಸೇರಿದೆ. ಇಂತಿಷ್ಟೇ ಪದಗಳೆಂಬ ಮಿತಿಯನ್ನು ಕಾಯಿದೆ ಹಾಕಿಲ್ಲ. ಆದರೆ ವಿಮರ್ಶೆಗೆ ಬೇಕಾದ ಭಾಗವನ್ನು ಉದ್ಧರಿಸುವುದು ಬೇರೆ, ಮೂಲವನ್ನು ಓದುವ ಅಗತ್ಯವೇ ಉಳಿಯದಂತೆ ಇಡೀ ಲೇಖನವನ್ನು ಹಂಚುವುದು ಬೇರೆ. ಕರ್ತೃವಿನ ಹೆಸರನ್ನು ನಮೂದಿಸುವುದು ಅನುಮತಿಗೆ ಬದಲಿಯಾಗಲಾರದು.

ಅಂತೆಯೇ, ಸ್ವಾಮ್ಯದ ಅವಧಿ ಮುಗಿದರೂ ಕರ್ತೃತ್ವ ಮುಗಿಯುವುದಿಲ್ಲ. ಲೇಖಕನೆಂದು ಗುರುತಿಸಲ್ಪಡುವ ಹಕ್ಕನ್ನು 57ನೆಯ ಕಲಮು ಪ್ರತ್ಯೇಕವಾಗಿಯೇ ಕಾಯುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ಶಾಸ್ತ್ರದಾನಕ್ಕೂ ಹೊಸ ಕಾಯಿದೆಗೂ ವಿರೋಧವಿಲ್ಲ: ಸಾವಿರ ಪ್ರತಿಗಳಾದರೂ ಶಾಂತಿಪುರಾಣ ಪೊನ್ನನದಾಗಿಯೇ ಉಳಿಯಿತು.