ತಕ್ಕಡಿಯ ಸಾಕ್ಷ್ಯ: ಸಾಕು ಗಿನಿಪಿಗ್‌ನ ತೂಕನಷ್ಟ, ಮೈಸೂರಿನ ಮಂಡಿ ಮೊಹಲ್ಲಾದ ಮನೆಗಳ ಹಿನ್ನೆಲೆಯಲ್ಲಿ

ಗಿನಿಪಿಗ್ ಸೊರಗಿದೆ ಎಂದು ಕಣ್ಣಿಗೆ ಕಾಣುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ. ದಟ್ಟ ರೋಮ ಮೈಯ ಆಕಾರವನ್ನು ಮುಚ್ಚುತ್ತದೆ. ಜೊತೆಗೆ, ಬೇರೆ ಪ್ರಾಣಿಗಳ ಬಾಯಿಗೆ ಬೀಳುತ್ತ ಬಂದ ಈ ಕುಲಕ್ಕೆ ನೋವನ್ನು ತೋರಗೊಡದಿರುವುದು ಹುಟ್ಟುಗುಣ. ಕಾಯಿಲೆ ಬಿದ್ದದ್ದೂ ಸೊಪ್ಪಿನ ಸದ್ದಿಗೆ ಓಡಿಬಂದು ಉಳಿದವುಗಳ ಜೊತೆ ನಿಲ್ಲುತ್ತದೆ. ಮನೆಯವರು ‘ತಿಂತಾ ಇದೆಯಲ್ಲ’ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ಸಾಕಿದವರು ನಂಬಬೇಕಾದದ್ದು ವಾರಕ್ಕೊಮ್ಮೆ ಬರೆದಿಟ್ಟ ತೂಕವನ್ನು ಎಂಬುದು ಈ ಲೇಖನದ ವಾದ. ಆ ತೂಕವನ್ನು ಓದುವಾಗ ಹೋಲಿಸಬೇಕಾದದ್ದು ಪುಸ್ತಕದ ಸರಾಸರಿಗಲ್ಲ, ಅದೇ ಪ್ರಾಣಿಯ ಹಿಂದಿನ ವಾರಗಳಿಗೆ.

ಪ್ರಯೋಗಾಲಯಗಳು ಇದನ್ನು ನೂರು ವರ್ಷದ ಹಿಂದೆಯೇ ಅರಿತಿದ್ದವು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿಂದ ಗಿನಿಪಿಗ್‌ಗಳಲ್ಲಿ ವಿಟಮಿನ್ ಸಿ ಕೊರತೆಯ ರೋಗವಾದ ಸ್ಕರ್ವಿ ಕಾಣಿಸಿದ್ದನ್ನು ಪ್ರಕಟಿಸಿದರು. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ 1919ರ ಸುಮಾರಿಗೆ ಅಂಥದೇ ಆಹಾರದಿಂದ ಇವುಗಳ ಅಡ್ರಿನಲ್ ಗ್ರಂಥಿ, ಮೂತ್ರಕೋಶಗಳಲ್ಲಿ ಆಗುವ ಕೇಡನ್ನು ಪರಿಶೀಲಿಸಿದರು. 1922ರಲ್ಲಿ ಶೆರ್ಮನ್, ಲಾ ಮೆರ್, ಕ್ಯಾಂಪ್‌ಬೆಲ್ ರೂಪಿಸಿದ 90 ದಿನಗಳ ಪರೀಕ್ಷೆಯಲ್ಲಿ ಯಾವ ಆಹಾರದಲ್ಲಿ ಎಷ್ಟು ವಿಟಮಿನ್ ಸಿ ಇದೆ ಎಂಬುದನ್ನು ಗಿನಿಪಿಗ್‌ನ ಮೈಯಿಂದಲೇ ಅಳೆಯುತ್ತಿದ್ದರು. ತೂಕದ ಏರಿಳಿತ ಅಲ್ಲಿ ಮುಖ್ಯ ಲಕ್ಷಣ. ಪ್ರಾಣಿ ಪಂಜರದಿಂದ ಮನೆಯಂಗಳಕ್ಕೆ ಬಂದಾಗ ಆ ಶಿಸ್ತು ಮಾತ್ರ ಹಿಂದೆಯೇ ಉಳಿಯಿತು.

ಬೆಳೆದ ಗಂಡು ಸಾಮಾನ್ಯವಾಗಿ 900ರಿಂದ 1,200 ಗ್ರಾಂ, ಹೆಣ್ಣು 700ರಿಂದ 900 ಗ್ರಾಂ ತೂಗುತ್ತದೆ. ಹರವು ಇಷ್ಟು ಅಗಲವಿರುವುದರಿಂದಲೇ ಸರಾಸರಿ ನಿರುಪಯೋಗಿ. 1,150 ಗ್ರಾಂ ಇದ್ದ ಗಂಡು 1,000ಕ್ಕೆ ಇಳಿದರೂ ಪಟ್ಟಿಯ ಪ್ರಕಾರ ‘ಸರಿಯಾಗಿದೆ’. ವಾಸ್ತವದಲ್ಲಿ ಅದು ಶೇ. 13ರಷ್ಟು ಕಳೆದುಕೊಂಡಿದೆ. ಮರಿಗಳ ಲೆಕ್ಕವೇ ಬೇರೆ. ಮೊದಲ ಎರಡು ತಿಂಗಳು ಅವು ದಿನಕ್ಕೆ 3ರಿಂದ 5 ಗ್ರಾಂ ಏರಬೇಕು. ಎರಡು ವಾರ ಒಂದೇ ತೂಕದಲ್ಲಿ ನಿಂತ ಮರಿಯನ್ನು ಇಳಿದ ಮರಿ ಎಂದೇ ಎಣಿಸಬೇಕು.

900 ಗ್ರಾಮಿನ ಪ್ರಾಣಿ ದಿನಕ್ಕೆ ಸುಮಾರು 90 ಮಿ.ಲೀ. ನೀರು ಕುಡಿಯಬಲ್ಲದು, ಮೇಲೆ ಸೊಪ್ಪು. ಹೀಗಾಗಿ ಬೆಳಿಗ್ಗೆಗೂ ಸಂಜೆಗೂ 20–30 ಗ್ರಾಂ ವ್ಯತ್ಯಾಸ ಸಹಜ. ವಾರದ ಅದೇ ದಿನ, ಅದೇ ಹೊತ್ತು, ಸೊಪ್ಪು ಹಾಕುವ ಮೊದಲು ತೂಗಬೇಕು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಡಬ್ಬಿ ಇಟ್ಟು ಸೊನ್ನೆ ಮಾಡಿ ಪ್ರಾಣಿಯನ್ನು ಕೂರಿಸಿದರಾಯಿತು. ಅದೂ ಇಲ್ಲದವರಿಗೆ, ದಿನಸಿ ಅಂಗಡಿಗಳಿಗೆ ಬರವಿಲ್ಲದ ಮಂಡಿ ಮೊಹಲ್ಲಾದಲ್ಲಿ, ತಕ್ಕಡಿಯ ಕೊರತೆ ನೆಪವಾಗಲಾರದು. ವಾರದಲ್ಲಿ ಶೇ. 5 ಇಳಿದರೆ ದಿನವೂ ತೂಗುವುದು, ಶೇ. 10 ಮುಟ್ಟಿದರೆ ಅಂದೇ ವೈದ್ಯರ ಬಳಿ ಹೋಗುವುದು. ಇವು ಚಿಕಿತ್ಸೆಯ ರೂಢಿಯಿಂದ ಬಂದ ಗೆರೆಗಳು, ಪ್ರಕೃತಿ ನಿಯಮಗಳಲ್ಲ. ಮೇವು ಬಿಟ್ಟಿದ್ದರೆ ತೂಕ ಇಳಿಯಲಿ ಎಂದು ಕಾಯಬಾರದು. ಗಬ್ಬದ ಹೆಣ್ಣಿನ ವಿಷಯದಲ್ಲಿ ತಕ್ಕಡಿಯೂ ಮೋಸಮಾಡುತ್ತದೆ: ಮರಿಗಳು ಏರಿಸಿದ ತೂಕದ ಕೆಳಗೆ ತಾಯಿ ಕರಗುತ್ತಿರಬಹುದು. ಅಂಡಾಶಯದ ನೀರ್ಗಂಟುಗಳದೂ ಇದೇ ಕಥೆ. ಇಂಥಲ್ಲಿ ಬೆನ್ನೆಲುಬು, ಪಕ್ಕೆಲುಬುಗಳನ್ನು ಬೆರಳಿನಿಂದ ಸವರಿ ನೋಡುವುದೇ ದಾರಿ.

ಕಾರಣಗಳಲ್ಲಿ ಹಲ್ಲನ್ನು ಮೊದಲಿಡುತ್ತೇನೆ. ಗಿನಿಪಿಗ್‌ನ 20 ಹಲ್ಲುಗಳೂ ಬದುಕಿನುದ್ದಕ್ಕೂ ಬೆಳೆಯುತ್ತವೆ. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅರೆದರಷ್ಟೇ ಸವೆಯುತ್ತವೆ. ಸವೆಯದಿದ್ದರೆ ಕೆಳಗಿನ ದವಡೆಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಕಮಾನು ಕಟ್ಟುತ್ತವೆ. ಹಸಿವಿರುತ್ತದೆ, ನುಂಗಲಾಗದು. ಸೌತೆಕಾಯಿಯನ್ನು ಕಚ್ಚಿ ಬಿಡುವುದು, ಗಲ್ಲ ಒದ್ದೆಯಾಗುವುದು ಇದರ ಗುರುತು. ಬಾಚಿಹಲ್ಲು ನೋಡಿ ‘ಹಲ್ಲು ಚೆನ್ನಾಗಿದೆ’ ಎನ್ನುವಂತಿಲ್ಲ. ದವಡೆಹಲ್ಲು ಕಾಣಲು ಉಪಕರಣ ಬೇಕು, ಬೇರಿನ ಸ್ಥಿತಿ ತಿಳಿಯಲು ಎಕ್ಸ್‌ರೇ ಬೇಕು.

ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆ, ಕಬೀರ್ ರಸ್ತೆಯ ಆಸುಪಾಸಿನ, ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಹುಲ್ಲೇ ಇಲ್ಲ. ಪೇಟೆಯಲ್ಲಿ ಸಿಗುವ ವಿದೇಶಿ ಟಿಮೊಥಿ ಹುಲ್ಲು ದುಬಾರಿ, ಹಾಗಾಗಿ ಊಟ ಕ್ಯಾರೆಟ್ಟು, ಕೋಸು, ಕಾಳುಗಳಿಗೆ ಇಳಿಯುತ್ತದೆ. ಟಾಂಗಾ ಕುದುರೆಗಳಿಗೂ ಹಸುಗಳಿಗೂ ತರುವ ಹಸಿಹುಲ್ಲು, ಗರಿಕೆ, ಒಳ್ಳೆಯ ರಾಗಿ ಹುಲ್ಲು ಇದಕ್ಕೆ ಹತ್ತಿರದ ಉತ್ತರ. ಕುದುರೆ ಮಸಾಲೆ ಸೊಪ್ಪು ಮರಿಗೂ ಗಬ್ಬದ ಹೆಣ್ಣಿಗೂ ಸರಿ. ಬೆಳೆದದ್ದಕ್ಕೆ ಅದರ ಸುಣ್ಣದಂಶ ಹೆಚ್ಚು, ಮೂತ್ರದಲ್ಲಿ ಕಲ್ಲಾಗುವ ಭಯವಿದೆ.

ಎರಡನೆಯ ಕಾರಣ ವಿಟಮಿನ್ ಸಿ ಕೊರತೆ. ಮನುಷ್ಯನಂತೆಯೇ ಗಿನಿಪಿಗ್ ಆ ವಿಟಮಿನ್ನನ್ನು ಮೈಯೊಳಗೆ ತಯಾರಿಸಲಾರದು; ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ., ಗಬ್ಬದಲ್ಲಿ 30 ಮಿ.ಗ್ರಾಂ. ಬೇಕು. ಮೊಲ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇಲ್ಲೇ ಎಡವಟ್ಟು: ಮೊಲದ ಪೆಲೆಟ್ಟನ್ನೇ ಗಿನಿಪಿಗ್‌ಗೂ ಹಾಕುವ ರೂಢಿ ವ್ಯಾಪಕ. ಗಿನಿಪಿಗ್‌ಗೆಂದೇ ಮಾಡಿದ ಪೆಲೆಟ್ಟಿನಲ್ಲೂ ಈ ವಿಟಮಿನ್ ತಿಂಗಳೊಪ್ಪತ್ತಿನಲ್ಲಿ ನಶಿಸತೊಡಗುತ್ತದೆ. ಬಿಚ್ಚಿದ ಮೂಟೆಯಿಂದ ತೂಗಿ ಕೊಟ್ಟದ್ದರ ವಯಸ್ಸು ಯಾರಿಗೂ ತಿಳಿಯದು. ಸೀಬೆಹಣ್ಣಿನ 100 ಗ್ರಾಂನಲ್ಲಿ 200 ಮಿ.ಗ್ರಾಂ. ದಾಟಿ ಇರುತ್ತದೆ, ಅಂದರೆ ಒಂದು ಚೂರು ಸಾಕು. ದಪ್ಪಮೆಣಸಿನಕಾಯಿ, ನೆಲ್ಲಿಕಾಯಿ ಚೂರು, ಕೊತ್ತಂಬರಿ ಸೊಪ್ಪೂ ಆಗುತ್ತದೆ. ಕೀಲು ಊದಿ ಕುಂಟುವುದು, ರೋಮ ಕೆದರುವುದು ಈ ಕೊರತೆಯ ಲಕ್ಷಣ.

ಸೆಖೆಯನ್ನು ಮರೆಯುವಂತಿಲ್ಲ. ಆಂಡೀಸ್ ಪರ್ವತದ ಈ ಪ್ರಾಣಿಗೆ 18ರಿಂದ 24 ಡಿಗ್ರಿ ಹಿತ. 30 ದಾಟಿದರೆ ಅಪಾಯ. ಏಪ್ರಿಲ್‌ನಲ್ಲಿ ಮೈಸೂರಿನ ತಾರಸಿಯ ಶೀಟಿನ ಕೆಳಗಿಟ್ಟ ಪಂಜರ ಎಲ್ಲಿಗೆ ಮುಟ್ಟುತ್ತದೆಂದು ಹೇಳಬೇಕಿಲ್ಲ. ಇನ್ನು ಜೋಡಿಯಲ್ಲಿ ಬಲವಾದದ್ದು ಮತ್ತೊಂದನ್ನು ತಟ್ಟೆಯಿಂದ ಅಟ್ಟುವುದು, ಉಸಿರಾಟದ ಸೋಂಕು, ಮುಪ್ಪಿನ ಮೂತ್ರಪಿಂಡ ರೋಗ, ಹೀಗೆ ಕಾರಣಗಳು ಹಲವು.

ತೂಕ ಇಳಿದಾಗ ಹಿಕ್ಕೆ ನೋಡಬೇಕು: ಸಣ್ಣದಾಗಿ, ಒಣಗಿ, ವಿರಳವಾಗಿದ್ದರೆ ಕರುಳು ನಿಧಾನಿಸಿದೆ. ಈ ಪ್ರಾಣಿಯ ಜೀರ್ಣಕ್ರಿಯೆ ಸೀಕಮ್ ಎಂಬ ದೊಡ್ಡ ಚೀಲದ ಸೂಕ್ಷ್ಮಜೀವಿಗಳ ಮೇಲೆ ನಿಂತಿದೆ. ಮೇವು ನಿಂತರೆ ಅದೂ ನಿಲ್ಲುತ್ತದೆ, ಯಕೃತ್ತಿಗೆ ಕೊಬ್ಬು ಏರುತ್ತದೆ. ಅರ್ಧ ದಿನ ಏನೂ ಮುಟ್ಟದಿದ್ದರೆ ತುರ್ತು ಎಂದೇ ತಿಳಿಯಬೇಕು. ಹೊಟ್ಟೆ ಉಬ್ಬಿ ಬಿಗಿದಿದ್ದರೆ ಬಾಯಿಗೆ ಏನೂ ತುರುಕದೆ ವೈದ್ಯರಲ್ಲಿಗೆ ಒಯ್ಯಬೇಕು. ಇಲ್ಲದಿದ್ದರೆ ಪೆಲೆಟ್ಟನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಆರಿಸಿ, ಸಿರಿಂಜಿನಿಂದ ಬಾಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವೇ ಕೊಡಬಹುದು. ಪ್ರತಿ ಕಿಲೋಗೆ ದಿನಕ್ಕೆ 50–80 ಮಿ.ಲೀ., ಹಲವು ಹೊತ್ತಾಗಿ ಹಂಚಿ. ಹಾಲು, ಮೊಸರನ್ನ ಬೇಡ. ನಮ್ಮ ಅಕ್ಕರೆಯ ಮೊದಲ ಕೈ ಅಲ್ಲಿಗೇ ಹೋಗುತ್ತದೆ, ಆದರೂ ಬೇಡ.

ಮೆಡಿಕಲ್ ಸ್ಟೋರಿನ ಅಮಾಕ್ಸಿಸಿಲಿನ್ ಅದಕ್ಕಿಂತ ಕೆಟ್ಟದ್ದು. ಪೆನಿಸಿಲಿನ್ ಬಳಗದ ಮದ್ದು ಕರುಳಿನ ಒಳ್ಳೆಯ ಜೀವಿಗಳನ್ನು ಕೊಂದು ವಿಷಕಾರಿ ಕ್ಲಾಸ್ಟ್ರಿಡಿಯಂಗೆ ಜಾಗ ಬಿಡುತ್ತದೆ. ಗಿನಿಪಿಗ್‌ಗಳು ಇದರಿಂದ ಸಾಯುವುದು 1943ರಲ್ಲೇ ವರದಿಯಾಗಿತ್ತು. 1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಪರೀಕ್ಷಿಸಿದ ಫ್ಲೋರಿಯ ತಂಡ ಇಲಿಗಳ ಬದಲು ಗಿನಿಪಿಗ್ ಬಳಸಿದ್ದರೆ ಆ ಔಷಧದ ಕಥೆ ಅಲ್ಲೇ ಮುಗಿಯುತ್ತಿತ್ತೇನೋ.

ಪಶು ಆಸ್ಪತ್ರೆಗೆ ಹೆಚ್ಚಾಗಿ ಬರುವುದು ದನ, ನಾಯಿ. ಆದ್ದರಿಂದ ಸಣ್ಣ ಪ್ರಾಣಿಗಳನ್ನು ನೋಡುತ್ತಾರೆಯೇ ಎಂದು ಆರೋಗ್ಯವಿರುವಾಗಲೇ ವಿಚಾರಿಸಿಡುವುದು ಲೇಸು; ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಸುಮಾರು 150 ಕಿ.ಮೀ. ದೂರ. ಹೋಗುವಾಗ ತೂಕದ ಪುಸ್ತಕ ಜೊತೆಗಿರಲಿ. ಮದ್ದಿನ ಪ್ರಮಾಣ ಅದರಿಂದಲೇ ನಿರ್ಧಾರವಾಗುತ್ತದೆ. ಇಳಿತ ವಾರದೊಳಗಿನದೇ, ತಿಂಗಳುಗಟ್ಟಲೆಯದೇ ಎಂಬುದರ ಮೇಲೆ ರೋಗದ ಊಹೆಯೂ ಬದಲಾಗುತ್ತದೆ. ಒಮ್ಮೆ ಹಲ್ಲು ತೇಯಿಸಿದ ಪ್ರಾಣಿಗೆ ಕೆಲವು ವಾರಗಳಲ್ಲಿ ಮತ್ತೆ ಬೇಕಾಗುವುದು ಸಾಮಾನ್ಯ. ಬಾಯಿ ಒದ್ದೆಯಾಗುವ ಮೊದಲೇ 40–50 ಗ್ರಾಂ ಇಳಿದಾಗ ಕರೆತಂದರೆ, ಹಲ್ಲು ತೇಯಿಸುವಾಗ ಕೊಡುವ ಅರಿವಳಿಕೆಯನ್ನು ಅದು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತದೆ.