ಗಾಡಿ ಎತ್ತರಿಸಿದರೆ ದೊಡ್ಡ ಟೈರ್ ಸಲೀಸಾಗಿ ಕೂರುತ್ತದೆಯೇ?

ಹಂಸಭಾವಿ ಕಡೆಯ ಎರೆಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಗಾಡಿ ಹೂತರೆ ಸಿಗುವ ಸಲಹೆ: ‘ಲಿಫ್ಟ್ ಮಾಡಿಸಿ, ದೊಡ್ಡ ಟೈರ್ ಹಾಕಿಸಿ.’ ಇದು ಅರ್ಧ ಸತ್ಯ.

ಸ್ಪ್ರಿಂಗ್ ಎತ್ತರಿಸಿದರೆ ಮೇಲೇರುವುದು ಬಾಡಿ. ಮಹೀಂದ್ರ ಥಾರ್‌ನ ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ. 245/75 ಆರ್16 ಬದಲು 265/75 ಆರ್16 ಹಾಕಿದರೆ ವ್ಯಾಸ 774ರಿಂದ 804 ಮಿ.ಮೀ. ಆಗುತ್ತದೆ. ಆಕ್ಸಲ್ ಏರುವುದು ಅದರರ್ಧ, ಬರೀ 15 ಮಿ.ಮೀ!

ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿಯ ವೇಗ ಮೊದಲಿಗಿಂತ ಸುಮಾರು ಶೇ. 4ರಷ್ಟು ಹೆಚ್ಚಿರುತ್ತದೆ. ಟೈರ್ ಭಾರವಾದಷ್ಟೂ ಬ್ರೇಕಿಗೆ ಕೆಲಸ ಹೆಚ್ಚು. ಗುಂಡಿಗಿಳಿದು ಸ್ಪ್ರಿಂಗ್ ಕುಗ್ಗಿದಾಗ ಟೈರ್ ಬಾಡಿಗೆ ಉಜ್ಜಬಹುದು, ಬ್ರೇಕ್ ಪೈಪಿಗೂ ತಾಗಬಹುದು. ಗ್ಯಾರೇಜಿನ ಸಮನೆಲದಲ್ಲಿ ಇದು ಕಾಣುವುದೇ ಇಲ್ಲ. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.