ಚಿತ್ರಗಳ ಸರದಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಒಳಗೊಂಡ ಕಲಬುರಗಿ ಸೀಮೆಯು ಬೆಂಗಳೂರಿಗಿಂತ ಮೊದಲೇ ದೂರದರ್ಶನವನ್ನು ಕಂಡಿತೆಂಬುದನ್ನು ತಾವು ಬಲ್ಲಿರಾ? 1975ರ ಆಗಸ್ಟ್ 1ರಿಂದ ಒಂದು ವರುಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರಗಳನ್ನು ಇಳಿಸಿತು. ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. 1977ರಲ್ಲಿ ಕಲಬುರಗಿಗೆ ಪ್ರಸಾರ ಕೇಂದ್ರವೇ ಬಂದಿತು. ಬೆಂಗಳೂರಿನ ಸರದಿ ಬಂದದ್ದು 1981ರಲ್ಲಿ.

ಆ ಕಾಲದ ಚಿತ್ರಕ್ಕೆ 625 ಗೆರೆಗಳು. ಸೆಕೆಂಡಿಗೆ 25 ಚಿತ್ರಗಳು. ಕಣ್ಣಿಗೆ ಮಿಣುಕು ತೋರದಿರಲೆಂದು ಪ್ರತಿ ಚಿತ್ರವನ್ನೂ ಎರಡು ಅರೆಗಳಾಗಿ, ಬೆಸ ಗೆರೆಗಳನ್ನೊಮ್ಮೆ, ಸಮ ಗೆರೆಗಳನ್ನೊಮ್ಮೆ ಕಳುಹಿಸುತ್ತಿದ್ದರು. ಅಲೆಯೊಡನೆಯೇ ಸರದಿಯೂ ಬರುತ್ತಿದ್ದುದರಿಂದ ಯಾವ ಅರೆ ಮೊದಲೆಂದು ನೋಡುವವರು ಕೇಳಬೇಕಾಗಿರಲಿಲ್ಲ.

ಸುರುಳಿಯ ಚಿತ್ರವನ್ನು ಅಂಕಿಗಳ ಕಡತವಾಗಿಸಿದಾಗ ತೊಡಕು ಹುಟ್ಟಿತು. ಡಿವಿ ಎಂಬ ಪದ್ಧತಿಯು ಕೆಳಗಿನ ಅರೆಯನ್ನು ಮೊದಲಿಡುತ್ತದೆ. ಬೇರೆ ಅನೇಕ ಪದ್ಧತಿಗಳು ಮೇಲಿನದನ್ನು. ಯಂತ್ರವು ತಪ್ಪಾಗಿ ಊಹಿಸಿದರೆ ಅಕ್ಷತೆ ಹಾಕುವ ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ.

ಎರಡನೆಯ ತೊಡಕು 1990ರ ದಶಕದಲ್ಲಿ ಎಂಪೆಗ್ ಸಂಕ್ಷೇಪದೊಡನೆ ಬಂದಿತು. ಇಲ್ಲಿ ಕೆಲವು ಚಿತ್ರಗಳನ್ನು ಹಿಂದಿನ ಮತ್ತು ಮುಂದಿನ ಚಿತ್ರಗಳಿಗಿರುವ ವ್ಯತ್ಯಾಸವಾಗಿ ಮಾತ್ರ ಬರೆದಿಡುತ್ತಾರೆ. ಆದ್ದರಿಂದ ಮುಂದಿನ ಚಿತ್ರವು ಕಡತದಲ್ಲಿ ಮೊದಲೇ ಇರಬೇಕು: 1, 4, 2, 3 ಎಂಬ ಹಾಗೆ. ವಾಡಿ ಜಂಕ್ಷನ್ನಿನಲ್ಲಿ ವ್ಯಾಗನ್ನುಗಳನ್ನು ಅವುಗಳ ಚೀಟಿ ನೋಡಿ ಜೋಡಿಸುತ್ತಿದ್ದಂತೆ, ಪ್ರತಿ ಚಿತ್ರಕ್ಕೂ ಅಂಟಿಸಿದ ಕಾಲಮುದ್ರೆಯನ್ನು ನೋಡಿ ಯಂತ್ರವು ಅವನ್ನು ಸರಿಪಡಿಸುತ್ತದೆ. ಮುದ್ರೆ ಅಳಿಸಿದರೆ ಸರದಿ ಕೆಡುತ್ತದೆ.

ಪರಿಹಾರವೇನು? ಚಲನೆಯಿರುವ ಒಂದು ಭಾಗವನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡಿರಿ. ಅರೆಗಳು ಹಿಂದುಮುಂದಾಗಿದ್ದರೆ ಕಡತದ ಸೂಚನೆಯನ್ನಷ್ಟೇ ಬದಲಿಸಿ ನೋಡಬೇಕು. ಕಾಲಮುದ್ರೆ ಕೆಟ್ಟಿದ್ದರೆ, ಚಿತ್ರವನ್ನು ಮರುಸಂಕ್ಷೇಪಿಸದೆ, ಮುದ್ರೆಗಳನ್ನು ಹೊಸದಾಗಿ ಹಾಕಿ ಬೇರೊಂದು ಕಡತಕ್ಕೆ ಸಾಗಿಸಬೇಕು. ತಪ್ಪು ಸರದಿಯಲ್ಲಿಯೇ ಎರಡು ಅರೆಗಳನ್ನು ಬೆರೆಸಿ ಉಳಿಸಿದರೆ ಮುಂದೆ ಬಿಡಿಸುವುದು ಬಹು ಕಷ್ಟ.

ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಕೆಲಸ ನಿಲ್ಲಿಸಿತು. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಮದುವೆಯ ಸುರುಳಿಯೊಂದಿದ್ದರೆ, ಅದರಲ್ಲಿ ಈಗ ಇಲ್ಲದ ಹಿರಿಯರು ನಗುತ್ತಿರಬಹುದು. ಕಡತವನ್ನು ಪೂರ್ತಿಯಾಗಿ ನೋಡಿ, ಸರದಿ ಸರಿಯಿದೆಯೆಂದು ಖಚಿತವಾಗುವವರೆಗೆ ಆ ಸುರುಳಿಯನ್ನು ಬಿಸಾಡಬೇಡಿರಿ. ಖಚಿತವಾದ ಮೇಲೂ ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಇರಿಸಿರಿ.